ಮೊಳೆಯಮ್ಮ ದುಂಡು ಮೇಜಿಗೆ ಹೋದದ್ದು

ನಮ್ಮ ಬೀದಿಯಲ್ಲಿ ಇದುವರೆಗೆ ಯಾವ ವೀರರೂ ಹುಟ್ಟಿಲ್ಲ. ಒಂದು ಔಷಧಿ ಅಂಗಡಿ, ಒಂದು ಕನ್ನಡಕದ ಅಂಗಡಿ, ಸದಾ ಮುಚ್ಚಿಯೇ ಇರುವ ಒಂದು ಬ್ಯಾಂಕಿನ ಹಿಂಬಾಗಿಲು, ಇವುಗಳ ನಡುವೆ ವೀರರು ಹುಟ್ಟಲು ಜಾಗವಾದರೂ ಎಲ್ಲಿ? ಆದರೆ ಒಬ್ಬ ವೀರಾಗ್ರಣಿ ಮದುವೆಯಾಗಿ ಈ ಬೀದಿಗೆ ಬಂದಳು. ಅವಳ ಆಯುಧ ಒಂದು ಪುಟ್ಟ ಸುತ್ತಿಗೆ. ಬತ್ತಳಿಕೆ ಅವಳ ಎಡಗೆನ್ನೆ.

ಬತ್ತಳಿಕೆ ಎಂದದ್ದು ಅಲಂಕಾರಕ್ಕಲ್ಲ. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವವರು ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೆಯ ಕೈ ಇಲ್ಲದ್ದರಿಂದ ಆ ಹೊಣೆ ಬಾಯಿಗೆ ಬಿತ್ತು. ನಾಲಿಗೆ ಮೊಳೆಯನ್ನು ತಿರುಗಿಸಿ, ತಲೆ ಮುಂದಾಗಿ ತುಟಿಗೆ ತರುತ್ತದೆ. ಸುತ್ತಿಗೆಯ ಅಯಸ್ಕಾಂತದ ತುದಿ ಅದನ್ನು ಎತ್ತಿಕೊಳ್ಳುತ್ತದೆ. ಟಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನದು. ಹೊಸಬರು ನೋಡಿದರೆ ಎದೆ ಝಲ್ಲೆನ್ನುತ್ತದೆ. "ನುಂಗಿಬಿಟ್ರೆ ಏನಮ್ಮಾ ಗತಿ?" ಎಂದು ಗಿರಾಕಿಗಳು ಕೇಳಿದರೆ ಅವಳ ಗಂಡ ಉತ್ತರ ಕೊಡುತ್ತಿದ್ದರು: "ರಕ್ತ ಕಮ್ಮಿ ಇದೆ ಅಂತ ಡಾಕ್ಟ್ರು ಹೇಳಿದಾರೆ, ಒಂದೆರಡು ನುಂಗಲಿ ಬಿಡಿ."

ಬೀದಿ ಅವಳಿಗೆ ಮೊಳೆಯಮ್ಮ ಎಂದು ಪಟ್ಟ ಕಟ್ಟಿತು. ನಮ್ಮ ಬೀದಿಯ ಸಮಸ್ತ ಪ್ರಜೆಗಳ ಹಿಂಭಾಗವೂ ನೆಲಕ್ಕೆ ತಾಗದಂತೆ ಕಾಪಾಡಿಕೊಂಡು ಬಂದವಳು ಅವಳೇ. ಔಷಧಿ ಅಂಗಡಿಯವನ ತಿರುಗುವ ಕುರ್ಚಿ, ದಂತವೈದ್ಯರ ಒರಗು ಪೀಠ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರು ಅರ್ಧರ್ಧ ಹಂಚಿಕೊಂಡ ಉದ್ದನೆಯ ಸೋಫಾ, ಎಲ್ಲ ಸಿಂಹಾಸನಗಳೂ ಅವಳ ಕೈಯಿಂದಲೇ ಮರುಜನ್ಮ ಪಡೆದವು. ಗಂಡ ಅವುಗಳನ್ನು ವ್ಯಾನಿನಲ್ಲಿ ತರುವುದು, ಒಯ್ಯುವುದು, ನಡುವೆ "ಪರೀಕ್ಷೆ ಮಾಡ್ತಿದೀನಿ" ಎಂದು ಅವುಗಳ ಮೇಲೆ ಮಲಗುವುದು, ಈ ಮೂರು ಖಾತೆಗಳನ್ನು ನೋಡಿಕೊಳ್ಳುತ್ತಿದ್ದರು.

ಇಂಥ ಸುಭಿಕ್ಷ ರಾಜ್ಯಕ್ಕೆ ಸೊಸೆ ಬಂದಳು. ಮಗ ಲಾರಿ ಓಡಿಸುತ್ತಿದ್ದ; ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಹೀಗಾಗಿ ಸೊಸೆ ಅಂಗಡಿಯಲ್ಲಿ ಅತ್ತೆಯ ಪಕ್ಕ ಕೂತು ಹಳೆಯ ಬಟ್ಟೆ ಬಿಚ್ಚುವುದು, ಸ್ಪ್ರಿಂಗಿಗೆ ಹುರಿ ಕಟ್ಟುವುದು ಕಲಿತಳು. ಕಲಿಯುತ್ತಲೇ, ತಾನು ಓದನ್ನು ಅರ್ಧಕ್ಕೆ ಬಿಟ್ಟದ್ದರ ಬಗ್ಗೆ ಬೆಳಗ್ಗೆಯಿಂದ ಸಂಜೆಯವರೆಗೆ ಗೊಣಗಿದಳು. ಕೇಳಿ ಕೇಳಿ ಮೊಳೆಯಮ್ಮನ ಕಿವಿ ತೂತಾಯಿತು.

"ಹೋಗಿ ಸೇರ್ಕೋ ಮಾರಾಯ್ತಿ. ಯುನಿವರ್ಸಿಟಿ ಏನು ಚಂದ್ರನ ಮೇಲಿದೆಯಾ? ಬಸ್ಸು ಹೋಗುತ್ತೆ. ಬೆಳಗಿನ ಕ್ಲಾಸು ಮುಗಿಸ್ಕೊಂಡು ಬಾ."

"ಹೇಳೋದು ಸುಲಭ ಅತ್ತೆ. ಅಲ್ಲೆಲ್ಲ ಚಿಕ್ಕ ಚಿಕ್ಕವರು. ನಾನೊಬ್ಳೇ ಮದುವೆಯಾದೋಳು. ಬೇಕಾದ್ರೆ ನೀವೂ ಬನ್ನಿ, ನೋಡೋಣ."

ಸೊಸೆ ಇದನ್ನು ಚುಚ್ಚಲೆಂದೇ ಹೇಳಿದ್ದು. ಆದರೆ ಮೊಳೆಯಮ್ಮನಿಗೆ ಸವಾಲು ಹಾಕಿ ಯಾರೂ ನಿದ್ದೆ ಮಾಡಿದ್ದಿಲ್ಲ. ಐವತ್ತರ ಹೊಸ್ತಿಲಲ್ಲಿದ್ದ ಆ ಮಹಾತಾಯಿ ಕೈಯಲ್ಲಿದ್ದ ಕುರ್ಚಿ ಮುಗಿಸಿದ್ದೇ ತಡ, ಟ್ರಂಕಿನ ತಳದಿಂದ ತನ್ನ ಹಳೆಯ ಶಾಲಾ ಪ್ರಮಾಣಪತ್ರವನ್ನು ಹೊರಗೆಳೆದು, ಸೊಸೆಯ ಕೈ ಹಿಡಿದು ಎಳೆದುಕೊಂಡು ಹೋಗಿ ಇಬ್ಬರ ಹೆಸರನ್ನೂ ಇತಿಹಾಸ ವಿಭಾಗದಲ್ಲಿ ಬರೆಸಿ ಬಂದಳು. ಇತಿಹಾಸವೇ ಯಾಕೆ ಎಂದು ಗಂಡ ಕೇಳಿದ್ದಕ್ಕೆ, "ಆ ಸಾಲಲ್ಲಿ ಜನ ಕಮ್ಮಿ ಇದ್ರು" ಎಂದಳಂತೆ.

ಅವರು ಓದಿದ ರೀತಿಯನ್ನು ಹೇಳಬೇಕು. ಪುಸ್ತಕ ಒಂದೇ ಪ್ರತಿ. ಸೊಸೆ ಗಟ್ಟಿಯಾಗಿ ಓದುವಳು, ಅತ್ತೆ ಬಾಯಿತುಂಬ ಮೊಳೆ ಇಟ್ಟುಕೊಂಡು ಬಡಿಯುತ್ತ ಕೇಳುವಳು. ಅಧ್ಯಾಯ ಮುಗಿದ ಮೇಲೆ ಮೊಳೆ ಸೊಸೆಯ ಬಾಯಿಗೆ, ಪುಸ್ತಕ ಅತ್ತೆಯ ಕೈಗೆ. ಬಾಯಲ್ಲಿ ಮೊಳೆ ಇದ್ದವರು ನಡುವೆ ಬಾಯಿ ಹಾಕುವಂತಿಲ್ಲ. ಹಾಕಲು ಅದು ಖಾಲಿ ಇದ್ದರೆ ತಾನೆ! ಹೀಗಾಗಿ ಆ ಮನೆಯಲ್ಲಿ ಅತ್ತೆ ಸೊಸೆ ಜಗಳವೆಂಬುದೇ ಇರಲಿಲ್ಲ. ಒಬ್ಬಳಿಗೆ ಮಾತಾಡಬೇಕೆನಿಸುವ ಹೊತ್ತಿಗೆ ಇನ್ನೊಬ್ಬಳ ಬಾಯಲ್ಲಿ ಮೊಳೆ. ಒಬ್ಬಳೇ ಎಷ್ಟು ಹೊತ್ತು ಜಗಳವಾಡಿಯಾಳು? ಲೋಕದ ಎಷ್ಟೋ ಮನೆಗಳಿಗೆ ಈ ಏರ್ಪಾಡನ್ನು ಶಿಫಾರಸು ಮಾಡಬಹುದಿತ್ತು.

ತರಗತಿಯಲ್ಲೂ ಅದೇ ಜೋಡಿ, ಅದೇ ಬೆಂಚು. ಅಲ್ಲಿ ಮೊಳೆ ಇರಲಿಲ್ಲ ನಿಜ, ಆದರೂ ಮೊಳೆಯಮ್ಮನ ಬಾಯಿ ತೆರೆಯಲಿಲ್ಲ. ಅನುಮಾನ ಬಂದಾಗ ಮೊಣಕೈಯಿಂದ ಸೊಸೆಯ ಪಕ್ಕೆಗೆ ತಿವಿಯುವಳು. "ಕೇಳೇ. ಆ ರಾಜ ತೆರಿಗೆ ಬಿಟ್ಟಿದ್ದು ಬರೀ ಒಳ್ಳೆತನಕ್ಕಾ, ಕೇಳೇ." ಸೊಸೆ ಎದ್ದು ಕೇಳುವಳು. ಮೇಷ್ಟ್ರು "ಒಳ್ಳೆ ಪ್ರಶ್ನೆ" ಎನ್ನುವರು. ಮೊಳೆಯಮ್ಮ ಏನೂ ಅರಿಯದವಳಂತೆ ಕಿಟಕಿಯಾಚೆ ನೋಡುವಳು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ವಿಭಾಗದ ಮುಖ್ಯಸ್ಥೆ ಮೇಡಂ ಮೊಳೆಯಮ್ಮನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದರು. ಸೊಸೆ ಬಾಟಲಿಗೆ ನೀರು ತುಂಬಲು ಹೋಗಿದ್ದಳು.

"ಮೂರನೇ ವರ್ಷದಿಂದ ಕೆಲವರನ್ನ ಆರಿಸಿ ಆನರ್ಸ್‌ಗೆ ತಗೋತೀವಮ್ಮ. ಒಂದು ವರ್ಷ ಜಾಸ್ತಿ ಓದ್ಬೇಕು, ಸ್ವಂತದ್ದೊಂದು ಪ್ರಬಂಧ ಬರೀಬೇಕು. ವಾರಕ್ಕೊಂದ್ಸಲ ಮೇಲಿನ ಕೋಣೇಲಿ ದುಂಡು ಮೇಜಿನ ಸುತ್ತ ಕೂತು ಚರ್ಚೆ. ನಿಮ್ಮನ್ನ ಆರಿಸಿದೀವಿ."

"ನನ್ನನ್ನಾ? ನನ್ನ ಸೊಸೇನ ಇರ್ಬೇಕು ನೋಡಿ."

"ಅವರು ಸ್ವಲ್ಪದರಲ್ಲಿ ತಪ್ಪಿದ್ರು. ನಿಮ್ಮ ಉತ್ತರಪತ್ರಿಕೆ ನಾನೇ ಓದಿದೀನಿ, ತುಂಬ ಚೆನ್ನಾಗಿ ಬರೀತೀರಿ. ನಿಮ್ಮ ದನಿ ಮಾತ್ರ ಇದುವರೆಗೂ ಕೇಳಿಲ್ಲ ನೋಡಿ. ಅಲ್ಲಿ ಕೇಳೋಣ. ಗುರುವಾರ ಮೇಲೆ ಬಂದು ಸೇರ್ತೀರೋ ಇಲ್ವೋ ಹೇಳಿಬಿಡಿ."

ದಂತವೈದ್ಯರ ಪೀಠವನ್ನು ಒಬ್ಬಳೇ ಮಗುಚಿ ಹಾಕಿದ ಆ ಧೀರೆ ಮೆಟ್ಟಿಲ ಕಂಬಿಯನ್ನು ಭದ್ರವಾಗಿ ಹಿಡಿದುಕೊಂಡಳು. ನೀರಿನ ಬಾಟಲಿ ಹಿಡಿದು ಬಂದ ಸೊಸೆ, "ಏನಂತೆ?" ಎಂದಳು. "ಏನಿಲ್ಲ, ಕುರ್ಚಿ ರಿಪೇರಿ ವಿಚಾರ" ಎಂದಳು ಮೊಳೆಯಮ್ಮ. ಅದು ಅವಳು ಸೊಸೆಗೆ ಹೇಳಿದ ಮೊದಲ ಸುಳ್ಳು. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಮಧ್ಯಾಹ್ನ ಗಂಡ ಯಾರದೋ ಹೊಸ ಸೋಫಾದ ಮೇಲೆ "ಪರೀಕ್ಷೆ" ನಡೆಸುತ್ತಿದ್ದಾಗ ಅವಳು ಮೆಲ್ಲಗೆ ವಿಷಯ ತೆಗೆದಳು.

"ಆನರ್ಸ್ ಅಂದ್ರೆ ಗೌರವ ತಾನೆ?" ಎಂದರು ಗಂಡ, ಕಣ್ಣು ಮುಚ್ಚಿಕೊಂಡೇ. "ಇಷ್ಟು ವರ್ಷ ಸಂಸಾರದಲ್ಲಿ ಸಿಗದೇ ಇದ್ದದ್ದು ಅಲ್ಲಾದ್ರೂ ಸಿಗ್ಲಿ, ಸೇರ್ಕೋ."

"ತಮಾಷೆ ಬೇಡ. ನಾನು ಬೇಡ ಅಂತೀನಿ."

"ಯಾಕೆ?"

"ಆ ಹುಡುಗೀನ ಒಬ್ಬಳನ್ನೇ ಬೆಂಚಲ್ಲಿ ಬಿಟ್ಟು ನಾನು ಮೇಲೆ ಹೋಗಿ ಕೂರ್ಲಾ? ಅವಳು ಮಾರನೇ ದಿನವೇ ಕಾಲೇಜು ಬಿಡ್ತಾಳೆ. ನಾನು ಸೇರಿದ್ದೇ ಅವಳಿಗೋಸ್ಕರ. ಅಂಗಡಿ ಬೇರೆ ಇದೆ. ನನ್ನ ಸೊಂಟ ಬೇರೆ ಇದೆ."

ಗಂಡ ಒಂದು ಕಣ್ಣು ತೆರೆದರು. "ಕಾರಣ ಜಾಸ್ತಿಯಾಯ್ತು ಕಣೇ" ಎಂದು ಮತ್ತೆ ಮುಚ್ಚಿದರು.

ಮೊಳೆಯಮ್ಮ ಮಾತ್ರ ತನ್ನ ತ್ಯಾಗಕ್ಕೆ ತಾನೇ ಮರುಳಾದಳು. ಮುಂದಿನ ದಿನಗಳಲ್ಲಿ ಸೊಸೆಯನ್ನು ನೋಡಿದಾಗಲೆಲ್ಲ ಅವಳ ಮುಖದ ಮೇಲೆ ಒಂದು ಮಹಾನುಭಾವ ಕಳೆ ಮೂಡುತ್ತಿತ್ತು. ಕೇಳದೆಯೇ ಸೊಸೆಯ ತಲೆ ನೇವರಿಸಿದಳು. ದೊಡ್ಡ ಸೇಬಿನ ಹೋಳು ಅವಳ ತಟ್ಟೆಗೆ ಹಾಕಿದಳು. ಸೊಸೆಗೆ ಗಾಬರಿಯಾಯಿತು. ಮಾವನ ಬಳಿ ಹೋಗಿ, "ಅತ್ತೆಗೆ ಏನಾದ್ರೂ ಕಾಯಿಲೆ ಗೀಯಿಲೆ ಅಂದ್ರಾ ಡಾಕ್ಟ್ರು?" ಎಂದು ಪಿಸುಗುಟ್ಟಿದಳು.

ಗುಟ್ಟು ಬುಧವಾರ ರಟ್ಟಾಯಿತು. ಸೊಸೆ ಗ್ರಂಥಾಲಯಕ್ಕೆ ಹೋದವಳು ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಬಂದಳು. ಚೀಲವನ್ನು ಮೂಲೆಗೆ ಎಸೆದಳು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾದೊಡನೆ ಮೊಳೆಯಮ್ಮ ಮೊಳೆಯ ಡಬ್ಬಿಗೆ ಕೈ ಹಾಕಿದಳು. ಸೊಸೆ ಡಬ್ಬಿಯ ಮೇಲೆ ಅಂಗೈ ಅಪ್ಪಳಿಸಿ ಮುಚ್ಚಿದಳು.

"ಇವತ್ತು ಮೊಳೆ ಇಲ್ಲ."

ಆ ಅಂಗಡಿಯ ಚರಿತ್ರೆಯಲ್ಲಿ ಇಂಥ ಬಂಡಾಯ ನಡೆದದ್ದಿಲ್ಲ. ಸೋಫಾದ ಮೇಲಿದ್ದ ಮಾವ ಎದ್ದು, ವ್ಯಾನಿನ ಚಕ್ರಕ್ಕೆ ಗಾಳಿ ನೋಡುವ ನೆಪದಲ್ಲಿ ರಣರಂಗದಿಂದ ಹೊರಬಿದ್ದರು.

"ಮೇಡಂ ಸಿಕ್ಕಿದ್ರು. ನಿಮ್ಮತ್ತೆ ಏನು ತೀರ್ಮಾನ ಮಾಡಿದ್ರು ಅಂದ್ರು. ಯಾವುದರದ್ದು ಅಂತ ನಾನು ವಾಪಸ್ ಕೇಳ್ಬೇಕಾಯ್ತು. ನನ್ನ ಮುಖ ಹೇಗಾಗಿರ್ಬೇಡ ಅತ್ತೆ!"

"ಬೇಡ ಅಂತ ಹೇಳೋಳಿದ್ದೆ ಕಣೇ. ಅದಕ್ಕೇ ನಿನಗೆ ಹೇಳ್ಲಿಲ್ಲ."

"ಯಾಕೆ ಬೇಡ?"

"ನಿನ್ನೊಬ್ಬಳನ್ನೇ ಬಿಟ್ಟು ಹೇಗೆ..."

"ನಾನೇನು ಬಸ್ ಸ್ಟ್ಯಾಂಡಲ್ಲಿ ಬಿಟ್ಟ ಮಗುನಾ?" ಸೊಸೆಯ ದನಿ ಏರಿತು. "ನನಗೆ ಸಿಕ್ಕಿಲ್ಲ, ನಿಮಗೆ ಸಿಕ್ಕಿದೆ. ಹೊಟ್ಟೆ ಉರೀತು. ಇಲ್ಲ ಅನ್ನಲ್ಲ. ಬಸ್ಸಲ್ಲಿ ಇಡೀ ದಾರಿ ಉರೀತು. ಪುಸ್ತಕ ಓದಿದ್ದು ನಾನು, ಎದ್ದು ಪ್ರಶ್ನೆ ಕೇಳಿದ್ದು ನಾನು, ಆರಿಸಿದ್ದು ನಿಮ್ಮನ್ನ! ಅದನ್ನ ಹೇಗೋ ನುಂಗ್ಕೊಂಡು ಬಂದೆ. ಆದ್ರೆ ನನ್ನ ಹೆಸರು ಹೇಳ್ಕೊಂಡು ನೀವು ಬಿಟ್ಟುಬಿಡ್ತೀರಿ ಅಂದ್ರೆ ಅದು ನುಂಗಕ್ಕಾಗಲ್ಲ. ಆ ತ್ಯಾಗ ತಂದು ನನ್ನ ತಲೆ ಮೇಲೆ ಇಡಬೇಡಿ, ಭಾರ ಆಗುತ್ತೆ."

"ತ್ಯಾಗ ಏನ್ ಬಂತು..."

"ಸರಿ, ತ್ಯಾಗ ಅಲ್ಲ ಅಂದ್ರೆ ಇನ್ನೇನು? ಎರಡು ವರ್ಷದಲ್ಲಿ ಒಂದ್ಸಲನಾದ್ರೂ ಕೈ ಎತ್ತಿದೀರಾ ಕ್ಲಾಸಲ್ಲಿ? ನಿಮ್ಮ ಅನುಮಾನ ಎಲ್ಲ ನನ್ನ ಬಾಯಲ್ಲಿ ಕೇಳಿಸಿದ್ರಿ. ತಿವಿದು ತಿವಿದು ನನ್ನ ಪಕ್ಕೆ ನೀಲಿಯಾಗಿದೆ. ಮೇಲೆ ದುಂಡು ಮೇಜಲ್ಲಿ ತಿವಿಯಕ್ಕೆ ನಾನಿರಲ್ಲ. ಅದಕ್ಕೆ ಹೆದರಿದೀರಿ ನೀವು."

ಮೊಳೆಯಮ್ಮನ ಕೈ ಮತ್ತೆ ಡಬ್ಬಿಯ ಕಡೆ ಹೋಯಿತು; ಸೊಸೆಯ ಅಂಗೈ ಇನ್ನೂ ಅದರ ಮೇಲೇ ಇತ್ತು. ಕೊನೆಗೆ, "ಹೆದರಿಕೆ ಅಂತೆ ಹೆದರಿಕೆ! ನಾಳೆ ಹೋಗಿ ನಾನೇ ಬಾಯಿಬಿಟ್ಟು ಬೇಡ ಅಂತ ಹೇಳಿ ಬರ್ತೀನಿ, ನೋಡ್ತಿರು" ಎಂದು ಸೆರಗು ಕೊಡವಿ ಎದ್ದಳು. ಹೆದರಿಲ್ಲವೆಂದು ತೋರಿಸಲು ಹೆದರಿದವರು ಮಾಡುವ ಕೆಲಸವನ್ನೇ ಮಾಡಿ ಬರುವ ಶಪಥ! ಸಿಟ್ಟಿನಲ್ಲಿ ಇಬ್ಬರಿಗೂ ಅದು ತೋಚಲಿಲ್ಲ.

ಗುರುವಾರ ಮೊಳೆಯಮ್ಮ ದಂಡಯಾತ್ರೆ ಹೊರಟಳು. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಳು: ಕ್ಷಮಿಸಿ ಮೇಡಂ, ನನಗೆ ಆಗೋದಿಲ್ಲ. ಮೆಟ್ಟಿಲು ಹತ್ತುತ್ತ ಇನ್ನೊಮ್ಮೆ ಹೇಳಿಕೊಂಡಳು. ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಬಂದಿರಲಿಲ್ಲ. ನಡುವೆ ದೊಡ್ಡ ದುಂಡು ಮೇಜು, ಸುತ್ತ ಮೆತ್ತೆ ಹೊದಿಸಿದ ಹಳೆಯ ಮರದ ಕುರ್ಚಿಗಳು, ಗೋಡೆಯಲ್ಲಿ ಊರಿನ ಹಳೆಯ ನಕ್ಷೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು.

ಕೂತವಳು ನೆಟ್ಟಗೆ ಒಳಗಿಳಿದಳು. ಪೀಠದ ಕೆಳಗೆ ಮೆತ್ತೆಯನ್ನು ಹೊರುವ ಪಟ್ಟಿಗಳು ಸಡಿಲವಾಗಿ ನೇತಾಡುತ್ತಿದ್ದವು.

"ಅಯ್ಯೋ ಪಾಪಿಗಳಾ" ಎಂದಳು ಮೊಳೆಯಮ್ಮ. ಅದನ್ನು ಕೊನೆಯ ಬಾರಿ ಹೊದಿಸಿದವನ ಕುಲಕೋಟಿಯನ್ನು ಮನಸ್ಸಿನಲ್ಲೇ ಸ್ಮರಿಸಿದಳು. ಕಾಯುತ್ತ ಸುಮ್ಮನಿರಲು ಅವಳ ಕೈಗೆ ಬರುತ್ತಿರಲಿಲ್ಲ. ಪಕ್ಕದ ಕುರ್ಚಿಗೆ ಸರಿದು, ಆ ಕುರ್ಚಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಮನೆಯ ಬೀಗದ ಕೈಯಿಂದ ಹಳೆಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದಳು. ಎಬ್ಬಿಸಿದ್ದನ್ನು ಎಲ್ಲಿಡುವುದು? ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಸುತ್ತಿಗೆ ಇರಲಿಲ್ಲ, ಮೇಜಿನ ಮೇಲಿದ್ದ ಗಾಜಿನ ಗುಂಡನ್ನು, ಕಾಗದ ಹಾರದಂತೆ ಇಡುತ್ತಾರಲ್ಲ ಅದನ್ನು, ಶತ್ರುವಿನ ಕೋಟೆಯಲ್ಲಿ ಸಿಕ್ಕ ಆಯುಧವೆಂದು ವಶಪಡಿಸಿಕೊಂಡಳು. ಪಟ್ಟಿಯನ್ನು ಜಗ್ಗಿ ಎಳೆದು ಬಡಿಯತೊಡಗಿದಳು.

ಎರಡು ಪಟ್ಟಿ ಬಿಗಿಯಾಗುವಷ್ಟರಲ್ಲಿ ಹುಡುಗ ಹುಡುಗಿಯರು ಬಂದು ಕೂತರು. ಕುರ್ಚಿ ರಿಪೇರಿಯವರು ಬಂದಿದ್ದಾರೆಂದು ಯಾರೂ ಅವಳನ್ನು ಮಾತಾಡಿಸಲಿಲ್ಲ. ಮೇಡಂ ಓಡೋಡುತ್ತ ಬಂದು, ಅವಳನ್ನು ನೋಡಿ, "ಓಹೋ, ಬಂದ್ರಾ!" ಎಂದು ಹಿಗ್ಗಿ, "ಶುರು ಮಾಡೋಣ" ಎಂದೇಬಿಟ್ಟರು. ಕ್ಷಮಿಸಿ ಮೇಡಂ, ನನಗೆ ಆಗೋದಿಲ್ಲ! ವಾಕ್ಯ ಗಂಟಲವರೆಗೆ ಬಂತು. ಬಾಯಿತುಂಬ ಮೊಳೆ. ಏನೋ ಹೇಳಲು ಹೊರಟವಳು ಮೊದಲು ಬಾಯಿ ಖಾಲಿ ಇಟ್ಟುಕೊಳ್ಳಬೇಕೆಂಬ ಸಣ್ಣ ಯುದ್ಧನೀತಿಯನ್ನು ಆ ಸೇನಾನಿ ಮರೆತಿದ್ದಳು. ತುಂಬಿದ ಸಭೆಯಲ್ಲಿ ತುಕ್ಕು ಮೊಳೆ ಉಗುಳುವುದು ಹೇಗೆ? ತೊಡೆಯ ಮೇಲೆ ಕುರ್ಚಿಯ ನಾಲ್ಕು ಕಾಲು ಸೂರಿಗೆ ಚಾಚಿಕೊಂಡಿದ್ದವು. ಎದ್ದು ಹೋಗುವಂತೆಯೂ ಇರಲಿಲ್ಲ. ಸಿಕ್ಕಿಬಿದ್ದಳು.

ಅಂದಿನ ಚರ್ಚೆ ಊರಿನ ಹಳೆಯ ಕೋಟೆ ಗೋಡೆಯದು. ಈಗ ಅರ್ಧ ಬಾಗಿಲು ಮಾತ್ರ ಉಳಿದಿರುವ ಆ ಗೋಡೆಯನ್ನು ಹಿಂದೆ ಊರಿನವರೇ ಕೆಡವಿದ್ದರು. ಯಾಕೆ? ಮೂಗು ಸೊರ ಸೊರ ಎನ್ನುತ್ತಿದ್ದ, ಜೋರು ನೆಗಡಿಯ ಒಬ್ಬ ಹುಡುಗಿ ಕರವಸ್ತ್ರ ಹಿಡಿದುಕೊಂಡೇ ವಾದ ಹೂಡಿದಳು: ಜನ ಮನೆ ಕಟ್ಟಿಕೊಳ್ಳಬೇಕಿತ್ತು, ಕಲ್ಲು ಬೇಕಿತ್ತು, ಅಷ್ಟೆ. ಸಿಟ್ಟಿನಿಂದ ಒಡೆದರು ಎನ್ನುವುದೆಲ್ಲ ಆಮೇಲೆ ಕಟ್ಟಿದ ಕಥೆ.

ಧಡ್! ಗಾಜಿನ ಗುಂಡು ಕುರ್ಚಿಯ ಚೌಕಟ್ಟಿಗೆ ಬಿತ್ತು. ಎಲ್ಲರೂ ತಿರುಗಿದರು.

"ಏನಾದ್ರೂ ಹೇಳ್ಬೇಕಾ?" ಎಂದರು ಮೇಡಂ.

ಪಕ್ಕಕ್ಕೆ ತಿವಿಯಲು ಮೊಣಕೈ ತಾನಾಗಿ ಹೊರಟಿತು. ಅಲ್ಲಿ ಬರೀ ಗಾಳಿಯಿತ್ತು. ಮೊಳೆಯಮ್ಮ ಒಂದು ಕ್ಷಣ ಆ ಖಾಲಿ ಜಾಗ ನೋಡಿದಳು. ಆಮೇಲೆ ಅಂಗೈಯನ್ನು ಬಾಯಿಗೊಡ್ಡಿ ಮೊಳೆಗಳನ್ನೆಲ್ಲ ಉಗುಳಿದಳು. ನೆಗಡಿ ಹುಡುಗಿ ಮೂಗೊರೆಸುವುದನ್ನೇ ಮರೆತಳು.

"ಸಿಟ್ಟಿನಿಂದಾನೇ ಒಡೆದದ್ದು," ಎಂದಳು ಮೊಳೆಯಮ್ಮ. ದನಿ ಮೊದಲು ಕೀರಲಾಯಿತು, ಆಮೇಲೆ ದಾರಿಗೆ ಬಂತು. "ನಮ್ಮಜ್ಜಿ ಮನೆ ಮೆಟ್ಟಿಲು ಆ ಗೋಡೆ ಕಲ್ಲೇ. ಅಜ್ಜಿ ಹೇಳ್ತಿದ್ಲು, ಜನ ರಾತ್ರಿ ಹಗಲು ಬೈಕೊಂಡು ಬೈಕೊಂಡು ಒಡೆದ್ರು ಅಂತ."

"ಅಜ್ಜಿ ಕಣ್ಣಾರೆ ನೋಡಿದ್ರಾ ಆಂಟಿ?"

"ನೋಡದೇ ಹೇಳ್ತಾಳಾ?"

"ಗೋಡೆ ಬಿದ್ದು ನೂರೈವತ್ತು ವರ್ಷದ ಮೇಲಾಯ್ತು. ನಿಮ್ಮಜ್ಜಿಗೆ ಎಷ್ಟು ವಯಸ್ಸು?"

ಮೇಜಿನ ಸುತ್ತ ಕಿಸಕ್ಕೆಂದಿತು. ಮೊಳೆಯಮ್ಮನ ಕಿವಿ ಕೆಂಪಾಯಿತು. "ಅಜ್ಜಿಗೆ ಅವಳಜ್ಜಿ ಹೇಳಿರ್ತಾಳೆ!" ಎಂದಳು. "ಹಾಗಾದ್ರೆ ನಡುವೆ ಎಷ್ಟು ಉಪ್ಪು ಖಾರ ಸೇರಿರ್ಬೇಡ!" ಎಂದಳು ಹುಡುಗಿ. "ನಮ್ಮನೇಲಿ ಯಾರೂ ಉಪ್ಪು ಖಾರ ಹಾಕಲ್ಲ!" "ಎಲ್ಲರ ಮನೇಲೂ ಹಾಕ್ತಾರೆ ಆಂಟಿ, ನಮ್ಮಮ್ಮನ್ನ ಕೇಳಿ ಬೇಕಾದ್ರೆ!" ಮೊಳೆಯಮ್ಮ ಎದ್ದು ನಿಂತಳು, ಕುರ್ಚಿ ಉರುಳಿಬಿತ್ತು, ಹುಡುಗಿ ಸೀನಿದಳು. ಚರ್ಚೆ ಹೊತ್ತು ಮೀರಿ ನಡೆಯಿತು. ಮೊಳೆಯಮ್ಮ ಎಲ್ಲ ದಿಕ್ಕಿನಿಂದಲೂ ಸೋತಳು, ಸಂಪೂರ್ಣವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಸೋತಳು.

ಮನೆಗೆ ಬಂದಾಗ ಅವಳ ಕಣ್ಣು ನಿಗಿನಿಗಿ ಹೊಳೆಯುತ್ತಿತ್ತು.

"ಬೇಡ ಅಂದ್ರಾ?" ಎಂದಳು ಸೊಸೆ, ತಲೆ ಎತ್ತದೆ.

"ಆ ನೆಗಡಿ ಹುಡುಗಿ ಇದಾಳಲ್ಲ, ನನ್ನಜ್ಜೀನೇ ಸುಳ್ಳಿ ಅಂತಾಳೆ ಕಣೇ!"

"ಬೇಡ ಅಂದ್ರಾ ಅಂತ ಕೇಳ್ದೆ."

ಮೊಳೆಯಮ್ಮ ನಿಂತಲ್ಲೇ ನಿಂತಳು. "ಅಯ್ಯೋ. ಹೇಳೋದೇ ಮರೆತೆ." ಇನ್ನೂ ದೊಡ್ಡದೊಂದು ಆಘಾತ ಅವಳಿಗೆ ಕಾದಿತ್ತು. "ಕುರ್ಚಿ! ಕುರ್ಚೀನ ಅರ್ಧಕ್ಕೇ ಬಿಟ್ಟು ಬಂದಿದೀನಿ!"

ವ್ಯಾನಿನ ಬಳಿಯಿಂದ ಗಂಡ ಓಡಿ ಬಂದರು. ಅಷ್ಟು ವರ್ಷದ ದಾಂಪತ್ಯದಲ್ಲಿ ಅವಳು ಒಂದು ಸ್ಟೂಲನ್ನೂ ಅರ್ಧಕ್ಕೆ ಬಿಟ್ಟದ್ದನ್ನು ಅವರು ಕಂಡಿರಲಿಲ್ಲ. "ಹಾಗಾದ್ರೆ ಆ ಕೋಣೇಲಿ ಏನೋ ಇದೆ ಕಣಮ್ಮ" ಎಂದು ಸೊಸೆಗೆ ಹೇಳಿ, ಗಂಭೀರವಾಗಿ ತಲೆಯಾಡಿಸಿ, ಸೋಫಾ ಪರೀಕ್ಷೆಗೆ ಹೋದರು.

ಮೊಳೆಯಮ್ಮ ಕೆಳಗೆ ಕೂತಳು. ಅಂಗೈಯಲ್ಲಿ ಇನ್ನೂ ಹಿಡಿದುಕೊಂಡಿದ್ದ ತುಕ್ಕು ಮೊಳೆಗಳನ್ನು ನೆಲಕ್ಕೆ ಸುರಿದಳು.

"ನಿನ್ನೆ ನೀನು ಹೇಳಿದ್ದು ಸರಿ. ಹೆದರಿಕೇನೇ. ನಿನಗೋಸ್ಕರ ಬಿಡ್ತೀನಿ ಅಂತ ನಾನೂ ನಂಬಿಬಿಟ್ಟಿದ್ದೆ. ಸೇರ್ತೀನಿ ಕಣೇ. ಹೆದರಿಕೆ ಇನ್ನೂ ಇದೆ, ಆದ್ರೆ ಆ ಹುಡುಗಿ ಬಾಯಿ ಮುಚ್ಚಿಸದೇ ಇದ್ರೆ ನನಗೆ ಊಟ ಸೇರಲ್ಲ."

ಸೊಸೆ ಸ್ಪ್ರಿಂಗಿಗೆ ಹುರಿ ಬಿಗಿದು ಸುತ್ತಿದಳು. ನೋವು ಅಷ್ಟು ಬೇಗ ಇಳಿಯುವುದಿಲ್ಲ, ಅವಳದೂ ಇಳಿದಿರಲಿಲ್ಲ. ಆದರೆ ಅವಳೂ ಅದೇ ಪುಸ್ತಕ ಓದಿದವಳು, ತಡೆಯಲಾಗಲಿಲ್ಲ.

"ಏನಂದ್ಲು ಅವಳು, ಕಲ್ಲಿಗೋಸ್ಕರ ಒಡೆದ್ರು ಅಂದ್ಲಾ?"

"ಹೂಂ."

"ಅಜ್ಜಿ ವಿಚಾರದಲ್ಲಿ ಅವಳು ಹೇಳಿದ್ದು ಸರಿ ಅತ್ತೆ. ನೀವು ತಪ್ಪು."

"ನೀನು ಯಾರ ಕಡೆ?"

"ಕೇಳಿ ಇಲ್ಲಿ. ಕಲ್ಲು ಬೇಕಿದ್ರೆ ಮನೆಗೆ ಹತ್ತಿರ ಇರೋ ಕಡೆ ಒಡೀಬೇಕು ತಾನೆ? ಆಗ ಹೊಸ ಮನೆ ಎದ್ದಿದ್ದು ಕೆರೆ ಕಡೆ. ಗೋಡೆ ಮೊದ್ಲು ಬಿದ್ದಿದ್ದು ಸುಂಕದ ಬಾಗಿಲ ಹತ್ರ, ಜನರಿಂದ ಸುಂಕ ಕೀಳ್ತಿದ್ರಲ್ಲ ಅಲ್ಲಿ. ಪುಸ್ತಕದಲ್ಲೇ ಇದೆ, ನಾನೇ ಓದಿ ಹೇಳಿದ್ದೆ, ನಿಮ್ಮ ಬಾಯಲ್ಲಿ ಮೊಳೆ ಇತ್ತು. ಅಷ್ಟು ದೂರದಿಂದ ಕಲ್ಲು ಹೊತ್ತಿದ್ದು ಯಾಕೆ? ಅದನ್ನ ಕೇಳಿ ಅವಳಿಗೆ."

ಮೊಳೆಯಮ್ಮನ ಬಾಯಿ ತೆರೆದೇ ಇತ್ತು. "ಇದನ್ನ ನೀನೇ ಬಂದು ಕೇಳ್ಬೇಕಿತ್ತು ಕಣೇ."

"ನನ್ನ ಕರೆದಿಲ್ವಲ್ಲ," ಎಂದಳು ಸೊಸೆ. ಮತ್ತೆ ಹುರಿ ಸುತ್ತಿದಳು. ಮೊಳೆಯಮ್ಮ ಪುಸ್ತಕ ತೆಗೆದು, ಸುಂಕದ ಬಾಗಿಲ ಪುಟ ಹುಡುಕಿ, ಅವಳ ಮುಂದೆ ಇಟ್ಟಳು.

ಮುಂದಿನ ಗುರುವಾರ ಅವಳು ಸುತ್ತಿಗೆ ಸಮೇತ ಬೇಗನೆ ಹೋಗಿ, ಕುರ್ಚಿಯನ್ನು ಪೂರ್ತಿ ಮಾಡಿ, ಬಾಯಿ ತೊಳೆದುಕೊಂಡು, ಆ ಕುರ್ಚಿಯಲ್ಲೇ ಕೂತಳು. ಮೇಡಂ ಬಂದ ಕೂಡಲೇ "ಸೇರ್ತೀನಿ" ಎಂದಳು. ಉಸಿರು ತೆಗೆದುಕೊಳ್ಳದೆ ನೆಗಡಿ ಹುಡುಗಿಯ ಕಡೆ ತಿರುಗಿ, "ಇದು ನನ್ನ ಸೊಸೆ ಪ್ರಶ್ನೆ" ಎಂದು ಶುರುಮಾಡಿದಳು.

ಈಗ ಸೊಸೆ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ಕಾಲೇಜು ಬಿಟ್ಟಿಲ್ಲ, ಪಕ್ಕೆಯ ನೀಲಿ ಮಾಸಿದೆ. ಗುರುವಾರದ ಮಧ್ಯಾಹ್ನ ಅವಳು ಬಾಯಿತುಂಬ ಮೊಳೆ ಇಟ್ಟುಕೊಂಡು ಬಡಿಯುತ್ತಿರುವಾಗ ಮೊಳೆಯಮ್ಮ ಬಂದು, ಚಪ್ಪಲಿ ಬಿಡುವುದಕ್ಕೂ ಮೊದಲು, ಮೇಜಿನ ಸುತ್ತ ನಡೆದ ಕದನವನ್ನು ಕೈಕಾಲು ಆಡಿಸಿಕೊಂಡು ವರ್ಣಿಸುತ್ತಾಳೆ: ನಾನು ಹೀಗಂದೆ, ಅವಳು ಹಾಗಂದಳು, ನಾನು ಮತ್ತೆ ಹೀಗಂದೆ. ಮೊಳೆ ಬಾಯಲ್ಲಿದ್ದವರು ಸುಮ್ಮನೆ ಕೇಳಬೇಕೆಂಬುದು ಆ ಅಂಗಡಿಯ ಹಳೆಯ ಕಾನೂನು. ಸೊಸೆ ಟಕ್ ಟಕ್ ಎಂದು ಬಡಿಯುತ್ತ ಕೇಳುತ್ತಾಳೆ. ಅರ್ಧ ಕಥೆಗೆ ಸುತ್ತಿಗೆ ನಿಲ್ಲುತ್ತದೆ. ಅಂಗೈಗೆ ಮೊಳೆಗಳು ಬೀಳುವ ಸದ್ದಾಗುತ್ತದೆ.

"ಅಲ್ಲೇ ನೀವು ತಪ್ಪು ಹೇಳಿದ್ದು ಅತ್ತೆ!"